ಹನ್ನೊಂದು ಜೇಬಿನ ಕೋಟು

ಆ ಕೋಟು ಮೊದಲು ಒಬ್ಬ ಮನುಷ್ಯನಿಗಾಗಿಯೇ ಹುಟ್ಟಿದ್ದು. ಆಸಾಮಿ ಎಷ್ಟು ಅಗಲವಿದ್ದನೆಂದರೆ, ಸೊಂಟದ ಅಳತೆ ತೆಗೆಯಲು ಕಟಿಂಗ್ ಮೇಷ್ಟ್ರು ಟೇಪಿನ ಒಂದು ತುದಿಯನ್ನು ಅವನ ಕೈಗೇ ಕೊಟ್ಟು, ಇನ್ನೊಂದು ತುದಿ ಹಿಡಿದು, ಅವನ ಸುತ್ತ ಒಂದು ಸಣ್ಣ ಪ್ರಯಾಣ ಮಾಡಿ ಬಂದಿದ್ದರು. ಅವನು ಬಟ್ಟೆ ಕೊಟ್ಟ, ಮುಂಗಡ ಕೊಟ್ಟ, “ಹದಿನೈದು ದಿನ ಬಿಟ್ಟು ಬರ್ತೀನಿ” ಅಂದ. ಹದಿನೈದು ವರ್ಷವಾಯಿತು, ಬರಲಿಲ್ಲ. ಕೋಟು ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದು, ಬರಬರುತ್ತಾ ಮನೆಯವರಲ್ಲಿ ಒಬ್ಬನಾಗಿಬಿಟ್ಟಿತು.

ಹೊರಗೆ ಬೂದು ಬಣ್ಣ, ಒಳಗೆ ಕಪ್ಪು ಅಸ್ತರು. ಹೊಲಿದಾಗ ಆರು ಜೇಬುಗಳಿದ್ದವು. ಮೇಷ್ಟ್ರ ಹೆಂಡತಿ ಇನ್ನೈದು ಸೇರಿಸಿದಳು. ಅವಳು ಅಂಗಡಿಯ ಗುಂಡಿತೂತಿನ ಕಾಜಾ, ಗುಂಡಿ, ಕೈಹೊಲಿಗೆಯ ಕೆಲಸದವಳಾದ್ದರಿಂದ ಬೀದಿಯವರೆಲ್ಲ ಅವಳನ್ನು ಕಾಜಕ್ಕ ಎನ್ನುತ್ತಿದ್ದರು. ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಸಂಸಾರ, ನಡುವೆ ಒಂದು ಪರದೆ. ಅಂಗಡಿಯ ದುಡಿಮೆ ಪರದೆ ದಾಟಿ ಒಳಗೆ ಬಂದರೆ ಸೀದಾ ಕೋಟಿಗೆ ಹೋಗಬೇಕು, ಕೋಟಿನಿಂದ ಖರ್ಚಿಗೆ ಹೋಗಬೇಕು. ಇದು ಕಾಜಕ್ಕನ ಕಾನೂನು.

ಹೊರಗಿನ ಐದು ಜೇಬುಗಳು ದಿನದ ಖರ್ಚಿನವು. ಅವಳು ಅವಕ್ಕೆ ‘ಮನೆಯವರು’ ಅನ್ನುತ್ತಿದ್ದಳು. ಎಷ್ಟು ಹಾಕಿದರೂ ಹೊಟ್ಟೆ ತುಂಬದ ದಿನಸಿ ಅತ್ತಿಗೆ. ತಿಂಗಳ ಒಂದನೇ ತಾರೀಖು ಗಂಟಲು ಸರಿಮಾಡಿಕೊಂಡು ನಿಲ್ಲುವ ಬಾಡಿಗೆ ಮಾವ. ಮುಟ್ಟಿದರೆ ಹೊಡೆಯುವ ಕರೆಂಟು ಭಾವ. ಅಂಗಡಿಯ ದಾರಕ್ಕೂ ಗುಂಡಿಗೂ ಆಗುವ ದಾರದ ತಂಗಿ. ಕೊನೆಗೆ, ಮೇಷ್ಟ್ರ ಕೈಖರ್ಚಿನ ಪುಟ್ಟ ಜೇಬು, ಟೀ ಮೈದುನ. ಅವನಿಗೆ ದಿನಕ್ಕೊಂದು ಟೀ, ಭಾನುವಾರ ರಜೆ.

ಒಳಗಿನ ಆರು ‘ಹೇಳದೆ ಬರೋ ನೆಂಟರು’. ಹೊಲಿಗೆ ಮಿಷನ್ ಕೆಟ್ಟರೆ ರಿಪೇರಿ ಚಿಕ್ಕಪ್ಪ, ಚಪ್ಪಲಿ ಕಿತ್ತರೆ ಚಪ್ಪಲಿ ಸೋದರತ್ತೆ, ಜ್ವರ ಬಂದರೆ ಮದ್ದಿನ ಅಜ್ಜಿ, ಯಾರದೋ ಮನೆಯ ಸಮಾರಂಭಕ್ಕೆ ಉಡುಗೊರೆ ಷಡ್ಡಕ. ಹನ್ನೊಂದನೆಯವನಿಗೆ ಹೆಸರೇ ಇರಲಿಲ್ಲ. “ಏನು ಬರುತ್ತೋ ಯಾರಿಗೆ ಗೊತ್ತು, ಬಂದಾಗ ಹೆಸರಿಟ್ರೆ ಆಯ್ತು” ಅನ್ನುತ್ತಿದ್ದಳು. ಈ ನೆಂಟರ ಬಾಯಿಗೆಲ್ಲ ಕಚ್ಚಾ ಹೊಲಿಗೆ. ಮೂಲೆಯಲ್ಲಿ ಮಡಿಸಿದ ನೋಟು ತೂರುವಷ್ಟು ಸಂದು ಮಾತ್ರ. ಹಾಕಬಹುದು, ತೆಗೆಯಲಾಗದು. ನೆಂಟರು ನಿಜವಾಗಿ ಬಾಗಿಲಿಗೆ ಬಂದ ದಿನವೇ ಹೊಲಿಗೆ ಬಿಚ್ಚಬೇಕು. ಒಂದು ಜೇಬು ಇನ್ನೊಂದಕ್ಕೆ ಸಾಲ ಕೊಡುವಂತಿಲ್ಲ.

ಆರರಲ್ಲಿ ಐದಾದವು. ಉಳಿದ ಒಂಬತ್ತನೆಯದೇ ಕಣ್ಣಮ್ಮ.

ಎರಡು ವರ್ಷದಿಂದ ಕಾಜಕ್ಕನ ಬಲಗಣ್ಣಿಗೆ ಪೊರೆ ಬರುತ್ತಿತ್ತು, ಎಡಗಣ್ಣೂ ಅದರ ದಾರಿ ಹಿಡಿದಿತ್ತು. ಸೂಜಿಗೆ ದಾರ ಪೋಣಿಸಲು ಈಗ “ರೀ, ಒಂದ್ನಿಮಿಷ” ಎಂದು ಮೇಷ್ಟ್ರನ್ನು ಕೂಗುತ್ತಿದ್ದಳು. ಮೇಷ್ಟ್ರು ಕತ್ತರಿ ಕೆಳಗಿಟ್ಟು ಬಂದು ಪೋಣಿಸಿ ಕೊಡುತ್ತಿದ್ದರು. ಕಾಜಾ ಹಾಕುವುದನ್ನು ಅವಳು ಬೆರಳತುದಿಯ ಮೇಲೆ ನಂಬಿಕೆಯಿಟ್ಟು ಮುಗಿಸುತ್ತಿದ್ದಳು. ಡಾಕ್ಟರು ಹದಿನೆಂಟು ಸಾವಿರ ಅಂದ ದಿನವೇ ಅಸ್ತರಿನ ಎಡಭಾಗದಲ್ಲಿ, ಎದೆಯ ಹತ್ತಿರ, ಕಣ್ಣಮ್ಮ ಹುಟ್ಟಿದಳು.

ಶನಿವಾರ ಸಂಜೆ ಎಣಿಕೆ. ಕಾಜಕ್ಕ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದೊಂದೇ ಜೇಬನ್ನು ಮಾತಾಡಿಸುತ್ತಿದ್ದಳು. ದನಿ ಎಳೆದು, ಕೊನೆಯಲ್ಲಿ ಸ್ವಲ್ಪ ಮೂಗಿಗೆ ಹತ್ತಿಸಿ: “ಬಾರಮ್ಮಾ ದಿನಸಿ ಅತ್ತಿಗೇ, ಏನುಳ್ಸಿದೀಯ? ಇಷ್ಟೇನಾ? ಹೋಗ್ಲಿ ಬಿಡು, ನಿನ್ನ ಹೊಟ್ಟೆ ತಣ್ಣಗಿರ್ಲಿ.” ಹೊರಗಿನವರನ್ನು ಎಣಿಸುತ್ತಿದ್ದಳು, ಒಳಗಿನ ನೆಂಟರನ್ನು ಎಣಿಸುತ್ತಿರಲಿಲ್ಲ, ಅಂಗೈಯಿಂದ ತಟ್ಟಿ ದಪ್ಪ ನೋಡುತ್ತಿದ್ದಳು. ಒಂಬತ್ತನೆಯದಕ್ಕೆ ಬಂದಾಗ ದನಿ ತಾನಾಗಿ ತಗ್ಗುತ್ತಿತ್ತು. “ಕಣ್ಣಮ್ಮಾ, ದಪ್ಪ ಆಗ್ತಿದೀಯಲ್ಲೇ!”

ಆ ದನಿ ಮೇಷ್ಟ್ರಿಗೆ ಬಾಯಿಪಾಠವಾಗಿತ್ತು. ಅದೇ ಅನರ್ಥಕ್ಕೆ ಮೂಲ.

ಮೇಷ್ಟ್ರಿಗೆ ಎರಡು ವಿದ್ಯೆ. ಒಂದು ಎಡಗೈಯಲ್ಲಿ ಕತ್ತರಿ ಹಿಡಿದು ಗೆರೆ ತಪ್ಪದೆ ಬಟ್ಟೆ ಕತ್ತರಿಸುವುದು. ಇನ್ನೊಂದು, ಯಾರ ದನಿಯನ್ನಾದರೂ ಅಷ್ಟೇ ನಯವಾಗಿ ಕತ್ತರಿಸಿ ತಂದು ತಮ್ಮ ಬಾಯಿಗೆ ಹೊಲಿದುಕೊಳ್ಳುವುದು. ಎದುರಿನ ಟೀ ಅಂಗಡಿಯಲ್ಲಿ, ಮಧ್ಯಾಹ್ನ ನಾಲ್ಕರ ಹೊತ್ತಿಗೆ, ಎರಡನೆಯ ವಿದ್ಯೆಯ ಪ್ರದರ್ಶನ. “ಟೈಟಾಗಿರ್ಬೇಕು ಮೇಷ್ಟ್ರೇ, ಆದ್ರೆ ಲೂಸಾಗಿರ್ಬೇಕು” ಎನ್ನುವ ಗಿರಾಕಿ, ಫೋನಿನಲ್ಲಿ “ನೀವು ಸರದಿಯಲ್ಲಿದ್ದೀರಿ” ಎಂದು ಗಂಟೆಗಟ್ಟಲೆ ಸುಳ್ಳು ಹೇಳುವ ಹೆಂಗಸು, ಕುದಿಯುವ ಕೆಟ್ಲಿ, ಎಲ್ಲವೂ ಬರುತ್ತಿದ್ದವು. ಕರೆಂಟು ಮೀಟರು ಓದುವ ಮೀಟರಣ್ಣ ಬೆಂಚಿನ ತುದಿಯಲ್ಲಿ ಕೂತು ಎಲ್ಲರಿಗಿಂತ ಮೊದಲು ನಗುತ್ತಿದ್ದ. ಅವನು ನಕ್ಕರೆ ಉಳಿದ ಆರೇಳು ಜನಕ್ಕೆ ಸಂಕೋಚ ಬಿಡುತ್ತಿತ್ತು.

ಆದರೆ ಎಷ್ಟು ದಿನ ಅಂತ ಕೆಟ್ಲಿಯ ದನಿಗೆ ನಗುತ್ತಾರೆ? ಒಂದು ದಿನ ಅರ್ಧದಲ್ಲೇ ಒಬ್ಬ ಆಕಳಿಸಿದ. ಇನ್ನೊಬ್ಬ ಲೋಟ ಕೆಳಗಿಟ್ಟು ಎದ್ದ. ಮೀಟರಣ್ಣ ಕೂಡ ಗಡಿಯಾರ ನೋಡಿಕೊಂಡ. ಆಟ ಕೈತಪ್ಪುತ್ತಿದೆ ಎಂದು ಮೇಷ್ಟ್ರಿಗೆ ಗೊತ್ತಾಯಿತು. ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯುವವರ ಹಾಗೆ, ಬಾಯಿಗೆ ಸಿಕ್ಕಿದ್ದನ್ನು ಎಸೆದರು. ಹೆಗಲ ಮೇಲಿನ ಬಟ್ಟೆಯನ್ನು ತೊಡೆಗೆ ಹಾಕಿಕೊಂಡು, ಕಣ್ಣು ಕಿರಿದು ಮಾಡಿ, ಬೆರಳಿಂದ ತಡವುತ್ತಾ, ದನಿ ಎಳೆದರು:

“ಬಾರಮ್ಮಾ ದಿನಸಿ ಅತ್ತಿಗೇ…”

ಎದ್ದವನು ಕೂತ. ‘ಕರೆಂಟು ಭಾವ’ನ ಹೊತ್ತಿಗೆ ಮೀಟರಣ್ಣ ಬೆಂಚು ಬಡಿಯುತ್ತಿದ್ದ. ‘ಕಣ್ಣಮ್ಮ’ನನ್ನು ತಟ್ಟಲು ಹೋಗಿ ಪಕ್ಕದ ಜೇಬನ್ನು ತಟ್ಟುವ ತಮಾಷೆಯೊಂದನ್ನು ಮೇಷ್ಟ್ರು ಅಲ್ಲೇ ಹುಟ್ಟಿಸಿ ಸೇರಿಸಿದರು. ಟೀ ಅಂಗಡಿಯ ಕೆಟ್ಲಿ ಮಾಮನ ಕೈಯಿಂದ ಜರಡಿ ಜಾರಿ ಬಿತ್ತು. ಅಷ್ಟು ನಗು ಮೇಷ್ಟ್ರು ಜನ್ಮದಲ್ಲಿ ಕಂಡಿರಲಿಲ್ಲ. ಆ ನಗುವಿನ ನಶೆಯಲ್ಲಿ ಕೈ ಎತ್ತಿ ಕೂಗಿದರು: “ಮಾಮಾ, ಎಲ್ಲರಿಗೂ ಒಂದೊಂದು ಟೀ. ನನ್ನ ಲೆಕ್ಕಕ್ಕೆ!”

ಮಾರನೆಯ ದಿನ ಅವರು ಬರುವ ಮೊದಲೇ ಎಂಟು ಜನ ಕಾಯುತ್ತಿದ್ದರು. “ಮೇಷ್ಟ್ರೇ, ಕೋಟು ಹಾಕಿ!” ಮೇಷ್ಟ್ರು ಕೋಟು ಹಾಕಿದರು, ಟೀ ಹಾಕಿಸಿದರು. ವಾರದಲ್ಲಿ ಐದು ದಿನ ಹೀಗೇ.

ಶನಿವಾರ ಮಧ್ಯಾಹ್ನ ಕೆಟ್ಲಿ ಮಾಮ ಅಂಗಡಿ ಬಾಗಿಲಿಗೇ ಬಂದ. “ನಿಮ್ಮ ಮಾತಿಗೆ ದುಡ್ಡಿಲ್ಲ ಮೇಷ್ಟ್ರೇ, ನನ್ನ ಹಾಲಿಗಿದೆ. ನಾನೂರಾಯ್ತು.”

ಟೀ ಮೈದುನನ ಹತ್ತಿರ ಮೂವತ್ತಿತ್ತು.

ಕಾಜಕ್ಕ ಹೊಲಿದ ಬಟ್ಟೆ ತಲುಪಿಸಲು ಹೋಗಿದ್ದಳು. ಮೇಷ್ಟ್ರು ಪರದೆ ಸರಿಸಿ ಒಳಗೆ ಹೋಗಿ ಕೋಟಿನ ಮುಂದೆ ನಿಂತರು. ಹೊರಗಿನ ಜೇಬುಗಳನ್ನು ಸಂಜೆ ಎಣಿಸುತ್ತಾಳೆ, ಮುಟ್ಟುವಂತಿಲ್ಲ. ಒಳಗಿನ ನೆಂಟರಲ್ಲಿ ದಪ್ಪಗಿದ್ದವಳು ಒಬ್ಬಳೇ. ಒಂದು ಮಾತು ಮನಸ್ಸಿಗೆ ಬಂತು. ಅದನ್ನು ಆಮೇಲೆ ಎಷ್ಟು ಒರೆಸಿದರೂ ಹೋಗಲಿಲ್ಲ: ಹೇಗೂ ಅವಳಿಗೆ ಸರಿಯಾಗಿ ಕಾಣಿಸುವುದಿಲ್ಲ.

ಹೊಲಿಗೆ ಬಿಚ್ಚಿದರು. ನಾಲ್ಕು ನೂರರ ನೋಟು ತೆಗೆದರು. ದಪ್ಪ ಕಡಿಮೆಯಾಗಬಾರದಲ್ಲ! ಅಳತೆಯ ನಕ್ಷೆ ಕತ್ತರಿಸುವ ಖಾಕಿ ಕಾಗದದಲ್ಲಿ ನೋಟಿನಷ್ಟೇ ಉದ್ದ, ನೋಟಿನಷ್ಟೇ ಅಗಲದ ನಾಲ್ಕು ತುಂಡು ಕತ್ತರಿಸಿ, ಹಾಗೇ ಮಡಿಸಿ ಒಳಗಿಟ್ಟರು. ಕಚ್ಚಾ ಹೊಲಿಗೆ ಹಾಕಿದರು. ‘ಮುಂದಿನ ವಾರ ವಾಪಸ್ಸು’ ಎಂದು ಕೋಟಿನ ಹತ್ತಿರ ಪಿಸುಗುಟ್ಟಿದರು. ಯಾವ ದನಿಯಲ್ಲಿ ಹೇಳಿದರೋ, ಅದು ಅವರದೇ ದನಿಯಾಗಿರಲಿಲ್ಲ. ಎರಡು ವಾರಕ್ಕೊಮ್ಮೆ ಬಂದು “ಮುಂದಿನ ವಾರ ಕೊಡ್ತೀನಿ ಮೇಷ್ಟ್ರೇ” ಎಂದು ಹೊಲಿಗೆಯ ಬಾಕಿ ಉಳಿಸಿ ಹೋಗುವ ಗಿರಾಕಿಯ ದನಿ.

ಸಂಜೆ ಕಾಜಕ್ಕ ಒಂಬತ್ತನೆಯದನ್ನು ತಟ್ಟಿದಳು. ಬೆರಳು ಹೊಲಿಗೆಯ ಮೇಲೆ ಒಂದು ಕ್ಷಣ ನಿಂತಿತು.  ಅವಳ ಮುಖದಲ್ಲಿ ಸಣ್ಣ ನಗುವೊಂದು ಬಂದು ಹೋಯಿತು. ಮುಂದಿನ ಜೇಬಿಗೆ ಹೋದಳು.

ಆ ನಗು ಯಾಕೆಂದು ಮೇಷ್ಟ್ರಿಗೆ ತಿಳಿಯಲಿಲ್ಲ. ಬಚಾವಾದೆ ಅಂದುಕೊಂಡರು. ಹೀಗೆ ಇಪ್ಪತ್ತೆಂಟು ಶನಿವಾರ ಬಚಾವಾದರು.

ಆಸ್ಪತ್ರೆಯಿಂದ ಫೋನು ಬಂದದ್ದು ಸೋಮವಾರ. ಗುರುವಾರ ಬೆಳಗ್ಗೆ ಹತ್ತಕ್ಕೆ ಹದಿನೆಂಟು ಸಾವಿರ ಕಟ್ಟಿದರೆ ಮಧ್ಯಾಹ್ನವೇ ಬಲಗಣ್ಣಿನ ಪೊರೆ ತೆಗೆಯುತ್ತಾರೆ.

“ಬುಧವಾರ ಸಂಜೆ ಬಿಚ್ಚೋಣ ರೀ. ನನ್ನ ಲೆಕ್ಕದಲ್ಲಿ ಹದಿನೆಂಟು ಸಾವಿರದ ನಾನೂರಿದೆ” ಎಂದಳು ಕಾಜಕ್ಕ. “ಆ ನಾನೂರಲ್ಲಿ ಆಟೋಗೂ ಆಗುತ್ತೆ.” ಆಮೇಲೆ ತಲೆ ತಗ್ಗಿಸಿ, ತುಂಬ ದಿನದಿಂದ ಕಾಣದ ನಾಚಿಕೆಯಿಂದ, “ಜಾಸ್ತಿನೇ ಇದ್ದರೂ ಇರಬಹುದು, ಅಲ್ವಾ?” ಅಂದಳು.

ಮೇಷ್ಟ್ರು ಸೀಮೆಸುಣ್ಣದಲ್ಲಿ ಕತ್ತರಿಸುವ ಮೇಜಿನ ಮೇಲೆ ಲೆಕ್ಕ ಬರೆದರು. ಎಂಟು ಜನ, ಹತ್ತರಂತೆ, ಐದು ದಿನ, ಇಪ್ಪತ್ತೆಂಟು ವಾರ. ಹನ್ನೊಂದು ಸಾವಿರದ ಇನ್ನೂರು. ನೋಟಿನ ಲೆಕ್ಕದಲ್ಲಿ ನೂರಾ ಹನ್ನೆರಡು ಖಾಕಿ ತುಂಡು. ಕುಡಿದು ಹಾಳುಮಾಡಿದವರನ್ನು ಅವರು ಕಂಡಿದ್ದರು, ಜೂಜಾಡಿ ಹಾಳಾದವರನ್ನೂ ಕಂಡಿದ್ದರು. ಊರಿಗೆಲ್ಲ ಟೀ ಕುಡಿಸಿ ಹೆಂಡತಿಯ ಕಣ್ಣು ಕಳೆದವನನ್ನು ಮಾತ್ರ ಈಗಲೇ ನೋಡುತ್ತಿದ್ದದ್ದು. ಮೇಜಿನ ಅಂಕಿಯನ್ನು ಅಂಗೈಯಿಂದ ಒರೆಸಿದರು. ಅಂಗೈ ಬೆಳ್ಳಗಾಯಿತು.

ನಾಲ್ಕು ಗಂಟೆಗೆ ಟೀ ಅಂಗಡಿಗೆ ಹೋದರು. ಏಳು ತಿಂಗಳು ತಮ್ಮ ಟೀ ಕುಡಿದವರು, ಎಂಟು ಜನ. ತಲೆಗೆ ಸಾವಿರದ ನಾನೂರು ಕೈಗಡ ಕೊಟ್ಟರೆ ಸರಿಹೋಗುತ್ತದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರು.

“ಕೋಟು, ಕೋಟು!” ಎಂದು ಬೆಂಚು ಕೂಗಿತು.

“ಇವತ್ತು ಕೋಟಿಲ್ಲ” ಎಂದು ಮೇಷ್ಟ್ರು ನಿಂತೇ ಹೇಳಿದರು.  ಕೈಗಳು ತಾವಾಗಿ ಜೋಡಿಕೊಂಡವು. “ನೋಡ್ರಪ್ಪಾ, ನನಗೊಂದು ಕಷ್ಟ ಬಂದಿದೆ. ನಿಮ್ಮಲ್ಲಿ ಯಾರಾದ್ರೂ… ಒಂದೆರಡು ಸಾವಿರ… ಮುಂದಿನ ತಿಂಗಳು ತೀರಿಸ್ತೀನಿ. ಮನೇಲಿ ಹೆಂಡತಿ ಕಣ್ಣು…”

ಎಲ್ಲರೂ ಲೋಟ ಕೆಳಗಿಟ್ಟು ಅವರನ್ನೇ ನೋಡಿದರು. ಆಮೇಲೆ ಮೀಟರಣ್ಣ ತೊಡೆ ತಟ್ಟಿದ. “ಅಬ್ಬಬ್ಬಾ! ಯಾರ ದನಿ ಮೇಷ್ಟ್ರೇ ಇದು? ತಡೀರಿ, ತಡೀರಿ, ನಾನು ಹೇಳ್ತೀನಿ. ಮೂಲೆ ಅಂಗಡೀಲಿ ಸಾಲ ಹೇಳ್ತಾನಲ್ಲ, ಆ ಪೇಂಟರು!”

“ಅಲ್ಲ ಬಿಡೋ, ಪೇಂಟರಿಗೆ ಇಷ್ಟು ವಿನಯ ಎಲ್ಲಿ? ಇದು ಇನ್ಶೂರೆನ್ಸಿನವ್ನು.”

“ಆ ಕೈ ನೋಡೋ, ನಡುಗಿಸ್ತಿರೋದು ನೋಡು! ಕಣ್ಣಲ್ಲಿ ನೀರು ಬೇರೆ!”

ಚಪ್ಪಾಳೆ ಬಿತ್ತು. ಮೇಷ್ಟ್ರು “ಅಲ್ಲ, ನಿಜವಾಗ್ಲೂ” ಅಂದರು. ಅದಕ್ಕೆ ಇನ್ನೂ ದೊಡ್ಡ ಚಪ್ಪಾಳೆ ಬಿತ್ತು. ಆಗ ಅವರು ಮಾಡಿದ ಕೆಲಸ ಕದ್ದದ್ದಕ್ಕಿಂತ ಹೇಸಿಗೆಯದೆಂದು ಆಮೇಲೆ ಅವರಿಗೇ ಅನ್ನಿಸಿತು. ಜೋಡಿಸಿದ್ದ ಕೈಯನ್ನು ಹಾಗೇ ಅಗಲಿಸಿ, ಬೆನ್ನು ಬಗ್ಗಿಸಿ, ಆಟ ಮುಗಿಸಿದ ನಟರಂತೆ ನಮಸ್ಕಾರ ಮಾಡಿದರು. “ಮಾಮಾ, ಎಂಟು ಟೀ” ಅಂದರು. ಕೆಟ್ಲಿ ಮಾಮ ಮಾತ್ರ ನಗದೆ ಅವರ ಮುಖ ನೋಡಿದ. ಟೀ ತಂದಿಟ್ಟು ಮೆಲ್ಲಗೆ, “ಇದು ಬರ್ಕೊಳ್ಳಲ್ಲ ಬಿಡಿ” ಅಂದ. ಮೇಷ್ಟ್ರಿಗೆ ಅವನ ಕಣ್ಣಿಗೆ ಕಣ್ಣು ಕೊಡಲಾಗಲಿಲ್ಲ.

ಮಂಗಳವಾರ ಬೆಳಗ್ಗೆ ಮೇಷ್ಟ್ರು ಒಂದು ಪ್ಯಾಂಟಿನ ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದಾಗ, ತಿಂಗಳ ರೀಡಿಂಗಿಗೆ ಮೀಟರಣ್ಣ ಬಂದ. ಮೀಟರು ಇದ್ದದ್ದು ಒಳಕೋಣೆಯ ಬಾಗಿಲ ಮೇಲೆ. “ಅಕ್ಕಾ, ಮೀಟರು” ಎನ್ನುತ್ತಾ ಪರದೆ ಸರಿಸಿಕೊಂಡು ಒಳಗೆ ಹೋದ. ಕುರ್ಚಿ ಎಳೆದ ಸದ್ದು. ಯಾವಾಗಲೂ ಬಾಗಿಲ ಹಿಂದಿರುತ್ತಿದ್ದ ಕೋಟನ್ನು ಕಾಜಕ್ಕ ಅವತ್ತು ತೊಡೆಯ ಮೇಲೆ ಹರಡಿಕೊಂಡು ಧೂಳು ಒರೆಸುತ್ತಿದ್ದಳು. ಆಮೇಲೆ ಒಂದು ನಗು.

“ಅಯ್ಯೋ ಅಕ್ಕಾ! ಇದೇನಾ ಅದು? ಹನ್ನೊಂದು ಜೇಬಿನ ಕೋಟು? ನಿಜವಾಗ್ಲೂ ಇದೆಯಾ ಇದು? ನಾನು ಮೇಷ್ಟ್ರು ಕಟ್ಟಿ ಹೇಳ್ತಾರೆ ಅಂದ್ಕೊಂಡಿದ್ದೆ!”

ಮೇಷ್ಟ್ರ ಕೈಯಲ್ಲಿ ಸೀಮೆಸುಣ್ಣ ನಿಂತಿತು.

“ಯಾರು ಹೇಳಿದ್ರು?” ಕಾಜಕ್ಕನ ದನಿ ಸಾದಾ ಇತ್ತು.

“ಇನ್ಯಾರು? ದಿನಾ ನಾಲ್ಕು ಗಂಟೆಗೆ ಅದೇ ನಮಗೆ ಸಿನಿಮಾ. ‘ಬಾರಮ್ಮಾ ದಿನಸಿ ಅತ್ತಿಗೇ!’ ಮೇಷ್ಟ್ರು ಮಾಡಿದ ಹಾಗೆ ನನಗೆ ಬರಲ್ಲ ಬಿಡಿ. ಕರೆಂಟು ಭಾವ ಅಂದ್ರೆ ನಾನೇ ಅಂತೆ! ಆಮೇಲೆ ಆ ಕಣ್ಣಮ್ಮ… ಕಣ್ಣು ಕಾಣ್ದೆ ಪಕ್ಕದ ಜೇಬು ತಟ್ಟೋದು… ಅಯ್ಯೋ, ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗುತ್ತೆ.”

“ದಿನಾನಾ?”

“ದಿನಾ ಅಕ್ಕಾ! ಟೀ ಬೇರೆ ಅವರದೇ. ಎಂಟು ಜನಕ್ಕೂ ಒಂದು ದಿನ ತಪ್ಪಿಸಿಲ್ಲ, ಏಳು ತಿಂಗಳಿಂದ. ದೊಡ್ಡ ಮನಸ್ಸು ಬಿಡಿ ಮೇಷ್ಟ್ರದ್ದು.”

ಕೋಟನ್ನು ಮತ್ತೆ ಮೊಳೆಗೆ ನೇತುಹಾಕಿದ ಸದ್ದು. ಆಮೇಲೆ ಕಾಜಕ್ಕ, “ನೀರು ಕುಡೀತೀಯಾ?” ಎಂದು ಕೇಳಿದ್ದು ಕೇಳಿಸಿತು. ಮೀಟರಣ್ಣ ನೀರು ಕುಡಿದು, ಬಿಲ್ಲು ಹರಿದುಕೊಟ್ಟು, ಹೋಗುವಾಗ ಮೇಷ್ಟ್ರಿಗೆ ಕಣ್ಣು ಹೊಡೆದು ಹೋದ. ಮೇಷ್ಟ್ರು ಬಟ್ಟೆ ನೋಡಿದರು. ಅವರ ಜೀವಮಾನದಲ್ಲಿ ಮೊದಲ ಸಲ ಗೆರೆ ವಕ್ರವಾಗಿತ್ತು.

ಕಾಜಕ್ಕ ಜಗಳಕ್ಕೆ ಬರಲಿಲ್ಲ. ಅದೇ ಕಷ್ಟವಾಯಿತು. ಊಟ ಬಡಿಸಿದಳು, ಬಟ್ಟೆ ಮಡಿಸಿದಳು. ಒಂದು ವ್ಯತ್ಯಾಸ ಮಾತ್ರ ಇತ್ತು. ಸೂಜಿಗೆ ದಾರ ಪೋಣಿಸಲು ಮೇಷ್ಟ್ರನ್ನು ಕರೆಯಲಿಲ್ಲ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಕಿಟಕಿಯ ಬೆಳಕಿಗೆ ಸೂಜಿ ಹಿಡಿದು, ಹನ್ನೆರಡು ಸಲ ತಪ್ಪಿ, ಕೊನೆಗೂ ತಾನೇ ಪೋಣಿಸಿದಳು. ಮೇಷ್ಟ್ರು ಪರದೆಯ ಸಂದಿಯಿಂದ ಆ ಹನ್ನೆರಡೂ ಸಲ ಲೆಕ್ಕ ಹಾಕಿದರು. ‘ಕೊಡು ಇಲ್ಲಿ’ ಎಂಬ ಎರಡು ಮಾತು ಬಾಯಿಂದ ಹೊರಡಲಿಲ್ಲ.

ಬುಧವಾರ ಸಂಜೆ ಇನ್ನೂ ಬೆಳಕಿದ್ದಾಗಲೇ ಅಂಗಡಿಯ ಬಾಗಿಲು ಹಾಕಿದಳು. ಮೊಳೆಯಿಂದ ಕೋಟು ತೆಗೆದು, ಮೇಷ್ಟ್ರನ್ನು ಕೂರಿಸಿ, ಅವರ ತೊಡೆಯ ಮೇಲೆ ಹಾಕಿದಳು. ಹೊಲಿಗೆ ಬಿಚ್ಚುವ ಚಿಕ್ಕ ಕತ್ತರಿಯನ್ನು ಅವರ ಎಡಗೈಗೆ ಕೊಟ್ಟಳು.

“ನನಗೆ ಸರಿಯಾಗಿ ಕಾಣಲ್ಲ. ನೀವೇ ಎಣಿಸಿ.”

“ಲೇ, ನಾನು…”

“ಸುಮ್ನೆ ಎಣಿಸ್ಬೇಡಿ. ಅಲ್ಲಿ ಎಣಿಸ್ತೀರಂತಲ್ಲ, ಹಾಗೆ ಎಣಿಸಿ. ನನ್ನ ದನೀಲಿ. ಎಂಟು ಜನ ಕೇಳಿದಾರೆ, ನಾನೊಬ್ಬಳೇ ಕೇಳಿಲ್ಲ.”

ಮೇಷ್ಟ್ರು ತಲೆ ಅಲ್ಲಾಡಿಸಿದರು. ಅವಳು ಎದುರಿಗೆ ಕೂತು, ಕೈಕಟ್ಟಿ, ಕಾಯ್ದಳು. ಟೀ ಅಂಗಡಿಯ ಬೆಂಚಿನ ಮೇಲೆ ಕೂತವರಂತೆಯೇ ಕೂತಿದ್ದಳು.

“ಬಾರಮ್ಮಾ…” ಎಂದರು ಮೇಷ್ಟ್ರು. ದನಿ ಬರಲಿಲ್ಲ. ಇನ್ನೊಮ್ಮೆ, “ಬಾರಮ್ಮಾ ದಿನಸಿ ಅತ್ತಿಗೇ, ಏನುಳ್ಸಿದೀಯ?” ಈ ಸಲ ಬಂತು. ಪಾಪಿ ಗಂಟಲು, ಹದ ತಪ್ಪದೆ ಅದೇ ಎಳೆತ, ಅದೇ ಮೂಗು. ಎಷ್ಟು ಚೆನ್ನಾಗಿ ಬಂತೆಂದರೆ ಕಾಜಕ್ಕನ ತುಟಿ ಕೂಡ ಒಂದಿಷ್ಟು ಅಲುಗಿತು. ಒಳಗೊಳಗೆ ಮೇಷ್ಟ್ರಿಗೆ ಅದಕ್ಕೆ ಒಂದು ಕೂದಲೆಳೆಯಷ್ಟು ಖುಷಿಯಾಯಿತು. ಆ ಖುಷಿಗೇ ಅವರಿಗೆ ಮೈಯೆಲ್ಲ ಉರಿಯಿತು. ಬಾಡಿಗೆ ಮಾವ ಆದ. ಕರೆಂಟು ಭಾವ ಆದ. ಟೀ ಮೈದುನನ ಪುಟ್ಟ ಜೇಬಿಗೆ ಬಂದಾಗ ದನಿ ತಡವರಿಸಿತು. ಒಳಗಿನ ನೆಂಟರನ್ನು ತಟ್ಟಿದರು. ಆರು, ಏಳು, ಎಂಟು.

“ಕಣ್ಣಮ್ಮಾ…”

“ಪಕ್ಕದ ಜೇಬು ತಟ್ಟಿ” ಎಂದಳು ಕಾಜಕ್ಕ. “ಅಲ್ಲಿ ಹಾಗಲ್ವಾ ಮಾಡೋದು?”

ಮೇಷ್ಟ್ರ ಕೈ ಮೇಲೇಳಲಿಲ್ಲ. ಕತ್ತರಿಯ ತುದಿ ಹೊಲಿಗೆಗೆ ಹಾಕಿದರು. ಒಂದೊಂದೇ ಟಾಕು ಬಿಚ್ಚಿತು. ಮೊದಲು ನೋಟು ಬಂದವು, ಎಪ್ಪತ್ತೆರಡು. ಆಮೇಲೆ ಖಾಕಿ ತುಂಡುಗಳು ಬರತೊಡಗಿದವು. ಹೆಂಡತಿಯ ದನಿಯಲ್ಲೇ ಎಣಿಸಲು ನೋಡಿದರು, “ಒಂದು… ಎರಡು…” ಆರರ ಹೊತ್ತಿಗೆ ಆ ದನಿ ಒಡೆದು ಕೆಳಗೆ ಬೇರೊಂದು ದನಿ ಕಾಣಿಸಿತು. ಒರಟು, ಬಡಕಲು. ಬಹಳ ವರ್ಷ ಯಾರೂ ಬಳಸದ ದನಿ. ಅದರಲ್ಲೇ ನೂರಾ ಹನ್ನೆರಡರವರೆಗೂ ಎಣಿಸಿದರು.

ಕಾಜಕ್ಕ ಒಂದು ತುಂಡನ್ನು ಕೈಗೆ ತೆಗೆದುಕೊಂಡಳು. ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸಿದಳು. ಒಂದು ನೋಟಿನ ಮೇಲೆ ಇಟ್ಟು ನೋಡಿದಳು.

“ಅಳತೆ ಸರಿಯಾಗಿದೆ” ಅಂದಳು.

ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರೇನೋ.

“ನನಗೆ ಮೊದಲನೇ ವಾರವೇ ಗೊತ್ತಾಯ್ತು ರೀ, ಯಾರೋ ಬಿಚ್ಚಿ ಹೊಲಿದಿದಾರೆ ಅಂತ. ಎಡಗೈ ಟಾಕು ಆ ಕಡೆ ವಾಲುತ್ತೆ, ನಂದು ಈ ಕಡೆ. ಕಣ್ಣು ಬೇಕಾ ಅದಕ್ಕೆ? ಬೆರಳಿಗೇ ತಿಳಿಯುತ್ತೆ.”

ಮೇಷ್ಟ್ರು ತಲೆ ಎತ್ತಿದರು. “ಗೊತ್ತಿದ್ದೂ… ಯಾಕೆ ಒಂದು ಮಾತು ಕೇಳಲಿಲ್ಲ?”

“ಕೇಳೋದೇನು? ನೀವು ನಿಮ್ಮ ಟೀ ದುಡ್ಡು ಉಳಿಸಿ ನನಗೆ ಗೊತ್ತಾಗದ ಹಾಗೆ ಅದರಲ್ಲಿ ಹಾಕ್ತಿದ್ದೀರಿ, ನೋಟಿನ ಕಟ್ಟು ಆ ಸಂದಲ್ಲಿ ತೂರಲ್ಲ ಅಂತ ಹೊಲಿಗೆ ಬಿಚ್ತೀರಿ ಅಂದ್ಕೊಂಡೆ.” ಅವಳು ಕಾಗದದ ತುಂಡನ್ನು ಮಡಿಸಿದಳು, ಬಿಡಿಸಿದಳು. “ಪ್ರತಿ ಶನಿವಾರ ಅಂದ್ಕೊಂಡೆ. ಆಪರೇಷನ್ ದಿನ ಬಿಚ್ಚಿದಾಗ ಜಾಸ್ತಿ ಇರುತ್ತೆ, ಗೊತ್ತೇ ಇಲ್ಲದವಳ ಹಾಗೆ ಆಶ್ಚರ್ಯ ಪಡ್ಬೇಕು ಅಂತ… ಅದನ್ನೂ ಒಂದೆರಡು ಸಲ ಕನ್ನಡಿ ಮುಂದೆ ಮಾಡಿ ನೋಡಿದ್ದೆ.”

ಮೇಷ್ಟ್ರಿಗೆ ಆ ಸಣ್ಣ ನಗು ಈಗ ಅರ್ಥವಾಯಿತು. ಇಪ್ಪತ್ತೆಂಟು ಶನಿವಾರದ ಇಪ್ಪತ್ತೆಂಟು ನಗು. ಅವರು ಕೋಟಿನೊಳಗೆ ಮುಖ ಮುಚ್ಚಿಕೊಂಡರು. ಗಜಗಾತ್ರದ ಆ ಕೋಟಿನಲ್ಲೂ ಅಡಗಲು ಜಾಗ ಸಾಲಲಿಲ್ಲ.

ಅಸ್ತರಿನೊಳಗಿಂದಲೇ, “ರಿಪೇರಿ ಜೇಬಲ್ಲಿ ಮೂರು ಸಾವಿರ ಇರಬೇಕು. ಬಾಡಿಗೇದು, ಮದ್ದಿಂದು, ಎಲ್ಲ ಸೇರಿಸಿದ್ರೆ…” ಅಂದರು.

“ಮಿಷನ್ ಕೈಕೊಟ್ರೆ ಆಮೇಲೆ ಇಬ್ರೂ ಏನು ತಿನ್ನೋದು? ಒಂದು ಜೇಬು ಹಾಳಾಯ್ತು ಅಂತ ಇನ್ನು ಹತ್ತನ್ನೂ ಹಾಳು ಮಾಡ್ತೀರಾ?” ಇಷ್ಟು ಹೊತ್ತಿನಲ್ಲಿ ಅವಳ ದನಿ ಏರಿದ್ದು ಅಲ್ಲೊಂದೇ ಕಡೆ. “ತಾರೀಖು ಮುಂದಕ್ಕೆ ಹಾಕಿಸಿ. ನಾಳೆ ನಾನೂ ಬರ್ತೀನಿ. ಕೌಂಟರಲ್ಲಿ ಕಾರಣ ಕೇಳ್ತಾರೆ, ನೀವೇ ಹೇಳಿ. ಬೇರೆ ಯಾರ ದನೀಲೂ ಬೇಡ.”

ಖಾಕಿ ತುಂಡುಗಳನ್ನೂ ನೋಟುಗಳನ್ನೂ ಒಟ್ಟಿಗೆ ಜೋಡಿಸಿ ಅವಳು ಮತ್ತೆ ಒಂಬತ್ತನೆಯ ಜೇಬಿಗೇ ಹಾಕಿದಳು. “ಒಂದು ನೋಟು ಇಟ್ಟಾಗ ಒಂದು ಕಾಗದ ತೆಗೀರಿ. ಈ ಸಲ ಹೊಲಿಯಲ್ಲ. ಬಾಯಿ ತೆರೆದೇ ಇರ್ಲಿ.”

ಗುರುವಾರ ಹತ್ತು ಗಂಟೆ. ಆಸ್ಪತ್ರೆಯ ಕೌಂಟರಿನ ಗಾಜಿನಲ್ಲಿ ಅಂಗೈ ಅಗಲದ ತೂತು, ಅದರಾಚೆ ಕನ್ನಡಕದ ಗುಮಾಸ್ತೆ. ಮೇಷ್ಟ್ರ ಹಿಂದೆ ಹದಿನೈದಿಪ್ಪತ್ತು ಜನರ ಸಾಲು. ಪಕ್ಕದ ಗೋಡೆಯ ಬೆಂಚಿನಲ್ಲಿ ಕಾಜಕ್ಕ. ಅಷ್ಟು ದೂರದಿಂದ ಅವಳಿಗೆ ತಾವು ಒಂದು ಬೂದು ಮಬ್ಬಾಗಿ ಮಾತ್ರ ಕಾಣುತ್ತಿರಬಹುದು ಎಂದು ಮೇಷ್ಟ್ರು ಅಂದುಕೊಂಡರು. ಅವರಿಗೆ ಅದು ಸಮಾಧಾನವೆನ್ನಿಸಿತು. ಮರುಕ್ಷಣವೇ, ಇದೇ ಸಮಾಧಾನದಿಂದಲ್ಲವೇ ಎಲ್ಲ ಶುರುವಾದದ್ದು ಎಂದು ಹೊಳೆದು ಕಿವಿ ಕಾದವು.

“ಇವತ್ತಿನ ಆಪರೇಷನ್ ಮುಂದಕ್ಕೆ ಹಾಕ್ಬೇಕಿತ್ತು.”

“ಏನು? ಜೋರಾಗಿ ಹೇಳಿ, ಈ ಕಡೆ ಕೇಳ್ಸಲ್ಲ.”

ಜೋರಾಗಿ ಹೇಳಿದರು. ಗುಮಾಸ್ತೆ ಪುಟ ತಿರುವಿದಳು. “ಮುಂದಕ್ಕೆ ಅಂದ್ರೆ ಏಳು ತಿಂಗಳು. ಆಗ್ಬಹುದಾ? ಪೊರೆ ಇನ್ನೂ ಗಟ್ಟಿಯಾಗುತ್ತೆ, ತಿಳ್ಕೊಂಡಿರಿ. ಕಾರಣ?”

ಬಾಯಿಗೆ ಎಷ್ಟೊಂದು ದನಿಗಳು ನುಗ್ಗಿದವು! ಪೇಂಟರದು, ಇನ್ಶೂರೆನ್ಸಿನವನದು, ಮುಂದಿನ ವಾರ ಕೊಡ್ತೀನಿ ಎನ್ನುವ ಗಿರಾಕಿಯದು. ಎಲ್ಲವೂ ‘ನಾನು ಹೇಳ್ತೀನಿ, ನಾನು ಹೇಳ್ತೀನಿ’ ಎಂದು ಮುಂದೆ ಬಂದವು. ಮೇಷ್ಟ್ರು ಎಲ್ಲವನ್ನೂ ನುಂಗಿಕೊಂಡರು.

ದಿನಕ್ಕೆ ಹತ್ತು ಜನ ಇಂಥವರನ್ನು ಕಾಣುವ ಗುಮಾಸ್ತೆ ತಾನೇ ದಯೆ ತೋರಿದಳು. “ಹಣ ಸಾಲದು ಅಂತ ಬರೀಲಾ?”

‘ಹೂಂ’ ಅಂದರೆ ಮುಗಿಯುತ್ತಿತ್ತು.

“ಅಲ್ಲ” ಎಂದರು ಮೇಷ್ಟ್ರು. ಗಾಜಿನ ತೂತಿನ ಹತ್ತಿರ ಬಾಯಿ ತಂದು, ಆಮೇಲೆ ಏನೋ ನೆನಪಾಗಿ ಹಿಂದೆ ಸರಿದು, ನೆಟ್ಟಗೆ ನಿಂತು, ಬೆಂಚಿನವರೆಗೂ ಕೇಳುವಷ್ಟು ಜೋರಾಗಿ ಹೇಳಿದರು: “ಹಣ ಸಾಲದೆ ಅಲ್ಲ. ಇತ್ತು. ಅವಳು ಕೂಡಿಟ್ಟಿದ್ದಳು. ನಾನು ಕದ್ದು ಜನಕ್ಕೆ ಟೀ ಕುಡಿಸಿದೆ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಅದು ಯಾವ ದನಿಯ ನಗು, ಹೇಗೆ ಮಾಡಬಹುದು ಎಂದು ಮೇಷ್ಟ್ರ ಕಿವಿ ಮೊದಲ ಸಲ ಯೋಚಿಸಲಿಲ್ಲ.

ಗುಮಾಸ್ತೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ನೋಡಿದಳು. “ಅದಕ್ಕೆ ಇದರಲ್ಲಿ ಕಾಲಂ ಇಲ್ಲ” ಎಂದಳು. ‘ಇತರೆ’ ಎಂಬಲ್ಲಿ ಗುರುತು ಹಾಕಿ ಚೀಟಿ ತಳ್ಳಿದಳು.

ಮೇಷ್ಟ್ರು ಚೀಟಿ ಹಿಡಿದು ಬೆಂಚಿನ ಹತ್ತಿರ ಬಂದರು. ಕೂರಲು ಧೈರ್ಯ ಸಾಲದೆ ನಿಂತರು. ಕಾಜಕ್ಕ ಅವರ ಮುಖ ನೋಡಲಿಲ್ಲ. ಚೀಲದೊಳಗೆ ಕೈ ಹಾಕಿ ಕಾಜಾ ಉಳಿದಿದ್ದ ಒಂದು ಅಂಗಿ ತೆಗೆದಳು, ಸೂಜಿ ತೆಗೆದಳು, ದಾರ ತೆಗೆದಳು. ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸಲು ನೋಡಿದಳು. ಒಂದು ಸಲ ತಪ್ಪಿತು. ಎರಡು ಸಲ ತಪ್ಪಿತು.

ಮೇಷ್ಟ್ರು ಪಕ್ಕದಲ್ಲೇ ನಿಂತು, ಎಡಗೈಯನ್ನು ಅರ್ಧ ಚಾಚಿ, ಅವಳು ಕರೆಯುತ್ತಾಳೋ ಎಂದು ಕಾಯ್ದರು.